ಬುಗುರಿಯಕ್ಕ ಕೂತ ಬೆಳಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಯೋಗಶಾಲೆಯ ಹಜಾರದಲ್ಲಿ ಎಲ್ಲರೂ ಚಾಪೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ್ದಾರೆ. ಗೋಡೆಯಾಚೆಯ ಅಡುಗೆಕೋಣೆಯಲ್ಲಿ ಒಬ್ಬರು ಮಾತ್ರ ನಿಂತಲ್ಲಿ ನಿಲ್ಲುತ್ತಿಲ್ಲ. ಶುಂಠಿ ಜಜ್ಜುತ್ತಾರೆ, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಾರೆ, ತೊಳೆದಿಟ್ಟ ಲೋಟವನ್ನು ಬಲ್ಬಿಗೆ ಹಿಡಿದು ನೋಡಿ ಮತ್ತೆ ತೊಳೆಯುತ್ತಾರೆ. ಇಲ್ಲಿ ಅವರ ಹೆಸರು ಬುಗುರಿಯಕ್ಕ. ಸುತ್ತುತ್ತಿದ್ದರಷ್ಟೇ ನಿಲ್ಲುವ ಜೀವ.

ಬೆಳಗ್ಗೆ ಎರಡು ತರಗತಿ, ಐವತ್ತರ ಆಸುಪಾಸು ಲೋಟ ಚಹಾ. ಗುಡಿಸುವುದು, ಚಾಪೆ ಹಾಸುವುದು, ಮಡಚುವುದೂ ಅವರದೇ. ಇಷ್ಟು ವರ್ಷ ಅವರ ಕೆಲಸದ ಬಗ್ಗೆ ಯಾರೂ ಚಕಾರ ಎತ್ತಿದ್ದಿಲ್ಲ. ಈ ವಾರ ಹೊಸ ನಿಯಮ ಬಂದಿದೆ: ತರಗತಿ ಮುಗಿದ ಮೇಲೆ ಎಲ್ಲರೂ ಕೂತು, ಮಾತಿಲ್ಲದೆ, ಗಮನವನ್ನೆಲ್ಲ ಲೋಟದ ಮೇಲಿಟ್ಟು ಚಹಾ ಕುಡಿಯಬೇಕು. ಆ ಹೊತ್ತಿನಲ್ಲಿ ಪಾತ್ರೆ ಸದ್ದು ಕೂಡದು. ಹಾಗಾಗಿ ಬುಗುರಿಯಕ್ಕನೂ ಕೂರಬೇಕು.

"ಕೂರೋಕೆ ಆಗಲ್ಲ ಅಂದ್ರೆ ಬೇಡಕ್ಕ," ಎಂದು ಯೋಗ ಕಲಿಸುವ ಮೇಡಂ ನಿನ್ನೆ ಮೆಲ್ಲಗೇ ಹೇಳಿದ್ದಾರೆ. "ನಾಳೆ ಒಂದಿನ ನೋಡೋಣ. ಆಗ್ಲಿಲ್ಲ ಅಂದ್ರೆ ಟೀ ಮಾಡಿ ಫ್ಲಾಸ್ಕಿಗೆ ಹಾಕಿಟ್ಟು ಬೇಗ ಮನೆಗೆ ಹೋಗಿಬಿಡಿ. ಸಂಬಳ ಅಷ್ಟೇ ಇರುತ್ತೆ."

ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ಬುಗುರಿಯಕ್ಕನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. "ಬೇಗ ಮನೆಗೆ ಹೋಗಿ ಏನ್ ಮಾಡ್ಲಿ? ಗೋಡೆ ತಿಕ್ಲಾ?" ಎನ್ನುತ್ತಾರೆ, ಚಹಾಪುಡಿ ಡಬ್ಬಿಯ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆಯುತ್ತಾ. ಮನೆಯೆಂದರೆ ಒಂದು ಕೋಣೆ, ಒಂದು ಮಂಚ. ಬಸ್ಸು ಓಡಿಸುತ್ತಿದ್ದ ಗಂಡ ತೀರಿಕೊಂಡು ಎರಡು ವರ್ಷವಾಗಿದೆ. "ಸುಮ್ನೆ ಕೂತ್ರೆ ಅವರು ಬಂದು ಪಕ್ಕದಲ್ಲಿ ಕೂರ್ತಾರೆ. ಓಡಾಡ್ತಾ ಇದ್ರೆ ಹಿಂದೆ ಉಳೀತಾರೆ. ಅದಕ್ಕೇ ಓಡ್ತೀನಿ."

ಕೂರುವ ಪ್ರಯತ್ನ ಎರಡು ಸಲ ಕೆಟ್ಟಿದೆ. ಮೊದಲ ದಿನ ಎರಡನೇ ತರಗತಿಯ ಹಾಲು ಒಲೆಯ ಮೇಲೇ ಉಳಿದಿತ್ತು. ಸೀದ ವಾಸನೆ ಹಜಾರಕ್ಕೆ ಬಂದಾಗ ಮೇಡಂ ಕಣ್ಣು ಮುಚ್ಚಿಕೊಂಡೇ, "ಏನೇ ಬರಲಿ, ಗಮನಿಸಿ. ಏಳಬೇಡಿ," ಎಂದರು. ಇಪ್ಪತ್ತೈದು ಜನ ಸೀದ ಹಾಲನ್ನು ದೀರ್ಘವಾಗಿ ಉಸಿರಾಡುತ್ತಾ ಕೂತರು. "ಏಳಬೇಡಿ ಅಂದ್ರಲ್ಲ, ನಾನೂ ಏಳಲಿಲ್ಲ. ಪಾತ್ರೆ ತಳ ನೋಡಿ, ಇನ್ನೂ ಇದ್ದಲಿನ ಹಾಗೇ ಇದೆ."

ಮರುದಿನ ಅರ್ಧದಲ್ಲೇ ಎದ್ದು, ಕಣ್ಣು ಮುಚ್ಚಿ ಕೂತವರ ಮುಂದಿದ್ದ ಲೋಟಗಳನ್ನೇ ಎತ್ತತೊಡಗಿದರು. ಮುಂದಿನ ಸಾಲಿನಲ್ಲಿ ಕೂರುವ ನಿವೃತ್ತ ಅಂಚೆಯಣ್ಣ ನಗುತ್ತಾರೆ: "ಕಣ್ಣು ಬಿಟ್ರೆ ಲೋಟವೇ ಇಲ್ಲ! ಧ್ಯಾನ ಫಲಿಸ್ತು ಅಂದ್ಕೊಂಡೆ."

ಇಂದು ಒಲೆ ಆರಿದೆಯೇ ಎಂದು ಮೂರು ಸಲ ನೋಡಿ, ಎಲ್ಲರಿಗೂ ಚಹಾ ಕೊಟ್ಟು, ಬುಗುರಿಯಕ್ಕ ಬಾಗಿಲ ಪಕ್ಕದ ಚಾಪೆಯ ತುದಿಯಲ್ಲಿ ಕೂರುತ್ತಾರೆ. ತಮ್ಮ ಲೋಟವನ್ನು ಎದುರಿಗೆ ಚಾಪೆಯ ಮೇಲಿಟ್ಟು ಚಹಾ ಹಾಕಿಕೊಳ್ಳುತ್ತಾರೆ. ಮನಸ್ಸು ಎಲ್ಲೋ ಇದೆ, ಕೈ ಹಳೆಯ ಅಭ್ಯಾಸದಂತೆ ಅಂಚಿನ ತನಕ ಹೊಯ್ಯುತ್ತದೆ. ಗಂಡನಿಗೆ ಹಾಗೇ ಬೇಕಿತ್ತು. "ಒಂಚೂರು ಕಮ್ಮಿ ಆದ್ರೂ, 'ಲೋಟಕ್ಕೆ ಹೊಟ್ಟೆ ಹಸಿದಿದೆ ಕಣೇ' ಅನ್ನೋರು," ಎಂದು ಆಮೇಲೆ ನೆನೆಯುತ್ತಾರೆ.

ಅಂಥ ಲೋಟವನ್ನು ಎತ್ತುವಂತಿಲ್ಲ. ಅವರ ಮೊಣಕಾಲು ಅದುರುತ್ತದೆ, ಚಾಪೆ ಅದುರುತ್ತದೆ, ಚಹಾ ಅಲುಗಿ ಅಂಚಿಗೆ ಬರುತ್ತದೆ. ಅವರು ಮೊಣಕಾಲನ್ನು ಒತ್ತಿ ಹಿಡಿಯುತ್ತಾರೆ. ಚಹಾ ನಿಲ್ಲುತ್ತದೆ. ಎರಡೂ ಅಂಗೈ ನೆಲಕ್ಕೂರಿ, ಬೆನ್ನು ಬಗ್ಗಿಸಿ, ತುಟಿಯನ್ನೇ ಲೋಟದ ಬಳಿಗೆ ಒಯ್ದು ಮೊದಲ ಗುಟುಕು ಹೀರುತ್ತಾರೆ, ಬಸ್ಸಿಗೆ ಹೊರಡುವ ಮುನ್ನ ಆತ ಹೀರುತ್ತಿದ್ದ ಹಾಗೆ. ಪಕ್ಕದಲ್ಲಿ ಬಂದು ಕೂರಬೇಕಾದವರು ಬಂದು ಕೂರುತ್ತಾರೆ. ಬುಗುರಿಯಕ್ಕ ಏಳುವುದಿಲ್ಲ.

ಒಂದೇ ಕಣ್ಣು ತೆರೆದು ನೋಡುತ್ತಿದ್ದ ಅಂಚೆಯಣ್ಣ ಮೌನ ಮುಗಿಯುವುದನ್ನೇ ಕಾಯುತ್ತಾರೆ. "ಅದ್ಯಾವ ಆಸನ, ಅಕ್ಕ?"

"ಲೋಟಾಸನ. ನಮ್ಮನೆಯವರು ಕಲಿಸಿದ್ದು."

ಮೇಡಂ ನಾಳೆಗೆಂದು ತೆಗೆದಿಟ್ಟಿದ್ದ ಫ್ಲಾಸ್ಕನ್ನು ಮೇಲಿನ ಅಟ್ಟಕ್ಕೆ ಎತ್ತಿಡುತ್ತಾರೆ. ಅಷ್ಟರಲ್ಲಿ ಬುಗುರಿಯಕ್ಕ ಅರ್ಧದಷ್ಟು ಲೋಟಗಳನ್ನು ಒಟ್ಟುಗೂಡಿಸಿ, ತಾವು ಕೂತಿದ್ದ ಜಾಗವನ್ನು ಒರೆಸುತ್ತಿದ್ದಾರೆ. ಒರೆಸಿದ ಬಟ್ಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ತೋರಿಸುತ್ತಾರೆ.

"ನೋಡಿ. ಒಂದು ತೊಟ್ಟೂ ಚೆಲ್ಲಿಲ್ಲ."