ಇಶ್ಶಿಯಣ್ಣನೂ ಬಟ್ಟೆಯ ಲಂಗೋಟಿಯೂ

ನಮ್ಮ ಬೀದಿಯ ಗಡಿಯಾರ ರಿಪೇರಿಯವನಷ್ಟು ಅಹಂಕಾರಿ ಇನ್ನೊಬ್ಬನಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿಕೆಗೆ ಕಾರಣವಿತ್ತು. ಅವನು ಎದುರು ಮನೆಗೆ ಬಾಡಿಗೆಗೆ ಬಂದ ದಿನ, ಮೇಲೆ ಬಿದ್ದು ಪರಿಚಯ ಮಾಡಿಕೊಳ್ಳುವ ನನ್ನ ಚಾಳಿಗೆ ತಕ್ಕಂತೆ ಹೋಗಿ ಕೈ ಚಾಚಿದೆ. ಅವನು ಕೈಯನ್ನು ನೋಡಿದ. ಹಿಂದಿನ ದಿನದ ಮೀನನ್ನು ನೋಡುವ ಹಾಗೆ ನೋಡಿದ. ಆಮೇಲೆ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಸಂತೋಷ ಸಾರ್," ಎಂದ. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಲಾಗದಂಥ ಅಂಗಡಿ, ಅದಕ್ಕೆ ಅರಮನೆಯ ಠೀವಿ ನೋಡು ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಹಲ್ಲು ಕಡಿದೆ.

ಅವನಿಗೆ ನನ್ನ ಮೇಲೆ ಯಾವ ತಾತ್ಸಾರವೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ತಾತ್ಸಾರವಿದ್ದದ್ದು ನನ್ನ ಅಂಗೈಯ ಮೇಲೆ. ಅದೂ ನನ್ನದೊಂದೇ ಅಲ್ಲ. ಮನುಷ್ಯರೆಂಬುವರ ಅಂಗೈ, ಕಂಕುಳು, ಕೆಮ್ಮು, ಸೀನು, ಬೆವರು, ಉಗುರು ಎಲ್ಲವೂ ಅವನ ಲೆಕ್ಕದಲ್ಲಿ ಒಂದೇ. ಯಾರೋ ಮೂರು ಅಂಗಡಿ ಆಚೆ ಸೀನಿದರೆ ಇವನು ಇಲ್ಲಿ "ಇಶ್ಶಿ" ಎಂದು ಮುಖಕ್ಕೆ ಕರವಸ್ತ್ರ ಹಿಡಿಯುತ್ತಿದ್ದ. ಹೀಗಾಗಿ ಬೀದಿಗೆಲ್ಲ ಅವನು ಇಶ್ಶಿಯಣ್ಣ.

ತಪ್ಪು ಅವನದಲ್ಲ, ಕಸುಬಿನದು. ನಾವು ಗಡಿಯಾರದ ಮುಖ ನೋಡುತ್ತೇವೆ, ಅವನು ಬೆನ್ನು ನೋಡುತ್ತಾನೆ. ಒಂದು ಕೈಗಡಿಯಾರವನ್ನು ವರ್ಷಗಟ್ಟಲೆ ಬಿಚ್ಚದೆ ಕಟ್ಟಿಕೊಂಡರೆ ಅದರ ಹಿಂಬದಿಯಲ್ಲಿ, ಚೈನಿನ ಸಂದುಗಳಲ್ಲಿ ಬೆವರು, ಸತ್ತ ಚರ್ಮ, ಸೋಪು, ಊಟದ ಎಣ್ಣೆ ಎಲ್ಲ ಸೇರಿ ಒಂಥರಾ ಕಪ್ಪು ಜಿಡ್ಡು ಕೂರುತ್ತದೆ. ಅದನ್ನು ಕೆರೆದಾಗ ಬರುವ ವಾಸನೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ, ಇದ್ದರೂ ಓದುವವರ ಊಟದ ಹೊತ್ತು ಯಾವುದೋ ಏನೋ. ಇಶ್ಶಿಯಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಮುಳ್ಳಿನಂಥ ಕಡ್ಡಿಯಿಂದ ಅದನ್ನು ಎಬ್ಬಿಸುತ್ತ ಹೇಳುತ್ತಿದ್ದ: "ಇಸ್ತ್ರಿ ಷರ್ಟು, ಪಾಲಿಶ್ ಬೂಟು, ಕಾರಲ್ಲಿ ಬಂದು ಇಳೀತಾರೆ ಸಾರ್. ಮಣಿಕಟ್ಟಿನ ಮೇಲೆ ಮೋರಿ ಕಟ್ಕೊಂಡಿರ್ತಾರೆ."

ಮನೆಯಲ್ಲಿ ಅವನು ಕೈ ತೊಳೆಯುವ ಮೊದಲು ನಲ್ಲಿ ತೊಳೆಯುತ್ತಿದ್ದ, ಕೈ ತೊಳೆದ ಮೇಲೆ ಮತ್ತೆ ನಲ್ಲಿ ತೊಳೆಯುತ್ತಿದ್ದ. ಬಾಗಿಲು ತೆರೆಯುವುದು ಮೊಣಕೈಯಲ್ಲಿ. ಮದುವೆಯಾದದ್ದೂ ತಡವಾಗಿಯೇ. ಹೆಂಡತಿ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಊರಿನವರೆಲ್ಲ ಎಂಜಲು ಹಚ್ಚಿ ಎಣಿಸಿದ ನೋಟು ಮುಟ್ಟುವ ಕೈ ಅವಳದು. ಜೊತೆಗೇ ಇದ್ದ ಅತ್ತೆ ಮದುವೆಯ ಮಾತು ಬಂದಾಗಲೆಲ್ಲ, "ನಮ್ಮ ಅಳಿಯಂದಿರು ನನ್ನ ಮಗಳನ್ನೂ ತೊಳೆದೇ ಒಳಗೆ ಕರ್ಕೊಂಡ್ರು," ಎನ್ನುತ್ತಿದ್ದರು. ಅಳಿಯ ನಗುತ್ತಿರಲಿಲ್ಲ.

ಇಂಥವನಿಗೆ ಹೆಣ್ಣು ಮಗು ಹುಟ್ಟಿತು. ಕೈ ತೊಳೆದು ಮುಟ್ಟುವಂಥ ಮಗು. ಅಪ್ಪನಂತೂ ತೊಳೆದದ್ದೇ ತೊಳೆದದ್ದು. ಅದರ ಮುಖವನ್ನು ಅವನು ಗಂಟೆಗಟ್ಟಲೆ ನೋಡುತ್ತಿದ್ದ. ಆದರೆ ಗಡಿಯಾರದ ವಿಷಯದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ, ಕಷ್ಟವೆಲ್ಲ ಹಿಂಬದಿಯಲ್ಲಿತ್ತು.

ಮೊದಮೊದಲು ಡೈಪರ್ ಇದ್ದದ್ದರಿಂದ ಬದುಕು ನಡೆಯಿತು. ಹೆಂಡತಿ ಬಿಚ್ಚಿ ಸುತ್ತುವಳು; ಇವನು ಗೋಡೆಯ ಕಡೆ ಮುಖ ಮಾಡಿ ಪ್ಲಾಸ್ಟಿಕ್ ಚೀಲದ ಬಾಯಿ ತೆರೆದು ಹಿಡಿಯುವನು. ಚೀಲಕ್ಕೆ ಗಂಟು, ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು ಚೀಲ. ಕಣ್ಣಿಗೆ ಕಾಣದಿದ್ದರೆ ಇಲ್ಲವೆಂದೇ ಅರ್ಥ ಎಂಬ ತತ್ವದ ಮೇಲೆ ಆ ಸಂಸಾರ ನಿಂತಿತ್ತು.

ತತ್ವವನ್ನು ನಾಯಿಗಳು ಹರಿದವು. ಒಂದು ಮಳೆಯ ಬೆಳಿಗ್ಗೆ ಕಸದವನು ಬರುವ ಮೊದಲೇ ಅವು ಬಂದು ಚೀಲವನ್ನು ಬೀದಿಯುದ್ದಕ್ಕೂ ಎಳೆದಾಡಿದ್ದವು. ನೀರು ಕುಡಿದ ಡೈಪರ್‌ಗಳು ಸತ್ತ ಕಪ್ಪೆಗಳ ಹಾಗೆ ಉಬ್ಬಿ ಒಡೆದು ಬಿದ್ದಿದ್ದವು. ಒಳಗಿನ ಲೋಳೆ ಹೊರಬಂದು, ಹಳದಿಯ ಜೊತೆ ಕಲೆತು, ಚರಂಡಿಯ ಕಡೆಗೆ ನಿಧಾನವಾಗಿ ತೆವಳುತ್ತಿತ್ತು. ಬೀದಿ ಸಂಘದ ಅಧ್ಯಕ್ಷರು ವಾಕಿಂಗ್ ಹೊರಟವರು ಅದರಲ್ಲೇ ಕಾಲಿಟ್ಟರು. ಅಧ್ಯಕ್ಷರು ಏನೇ ಮಾತಾಡಿದರೂ ಮೈಕಿನ ಮುಂದೆ ನಿಂತ ಹಾಗೆಯೇ ಮಾತಾಡುವವರು.

"ಈ ಕೃತ್ಯ ಯಾರದು?" ಎಂದು ಅವರು ಬೀದಿಗೆಲ್ಲ ಕೇಳಿಸುವಂತೆ ಘೋಷಿಸಿದರು. "ನಾಗರಿಕ ಸಮಾಜದಲ್ಲಿ ಇದು ಶೋಭೆಯೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಇಶ್ಶಿಯಣ್ಣ ಮಹಡಿಯಿಂದ ಇಣುಕಿದ. ಮೊರ, ಪೊರಕೆ, ಬಕೆಟ್ಟು ಹಿಡಿದು ಇಳಿದು ಬಂದ. ಲೋಳೆ ಪೊರಕೆಗೆ ಸಿಗುವುದಿಲ್ಲ, ಜಾರುತ್ತದೆ. ಕೊನೆಗೆ ಕೈಯಲ್ಲೇ ಬಾಚಬೇಕಾಯಿತು. ಆ ದಿನ ಅವನು ಊಟ ಮಾಡಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ನಾವೂ ಸರಿಯಾಗಿ ಮಾಡಲಿಲ್ಲ.

ಅದನ್ನಾದರೂ ಅವನು ಸಹಿಸಿಕೊಳ್ಳುತ್ತಿದ್ದನೋ ಏನೋ. ಅಷ್ಟರಲ್ಲಿ ಮಗುವಿನ ಕುಂಡೆ ಕೆಂಪಾಯಿತು. ಮೊದಲು ಚುಕ್ಕಿ, ಆಮೇಲೆ ಅಂಗೈಯಗಲ, ಬಿಸಿನೀರು ಬಿದ್ದು ಸುಟ್ಟ ಹಾಗೆ. ಒರೆಸಲು ಹೋದರೆ ಮಗು ಉಸಿರು ಕಟ್ಟಿ ಅಳುತ್ತಿತ್ತು. ಮಕ್ಕಳ ಡಾಕ್ಟರಮ್ಮ ನೋಡಿ, "ಇದು ವಾಸಿಯಾಗಬೇಕು ಅಂದ್ರೆ ಡೈಪರ್ ಬಿಡಿ. ಹಳೇ ಹತ್ತಿ ಬಟ್ಟೆ ಕಟ್ಟಿ, ಒದ್ದೆಯಾದ ತಕ್ಷಣ ಬದಲಾಯಿಸಿ," ಎಂದರು. ಇಶ್ಶಿಯಣ್ಣನ ಮುಖ ನೋಡಿದ್ದರೆ ಕಾಯಿಲೆ ಅವನಿಗೇ ಎಂದುಕೊಳ್ಳಬೇಕು.

ಅತ್ತೆ ಹಳೆಯ ಹಾಸಿಗೆ ಹೊದಿಕೆ ಕತ್ತರಿಸಿ ಲಂಗೋಟಿ ಮಾಡಿದರು. ಒಗೆಯುವವರು ಯಾರೆಂಬ ಚರ್ಚೆ ಬಹಳ ಹೊತ್ತು ನಡೆಯಲಿಲ್ಲ.

"ನನ್ನ ಬೆರಳು ಮಡಚೋಕೇ ಆಗಲ್ಲಪ್ಪ," ಎಂದರು ಅತ್ತೆ, ಗಂಟು ಕಟ್ಟಿದ ಬೆರಳುಗಳನ್ನು ಮುಂದೆ ಹಿಡಿದು.

"ಹೆತ್ತಿದ್ದು ನಾನು. ಹಾಲು ಕೊಡೋದು ನಾನು," ಎಂದಳು ಹೆಂಡತಿ. "ಒಗೆಯೋದು ನೀವು."

"ಕೆಲಸಕ್ಕೆ ಯಾರನ್ನಾದ್ರೂ..."

"ರೀ, ನಿಮ್ಮ ಮಗಳ ಹೇಲು ಯಾರೋ ಬಂದು ತೊಳೀಬೇಕಾ? ಅವರಿಗೆ ಮೂಗಿಲ್ವಾ?"

ಮೊದಲ ಒಗೆತವನ್ನು ಬೀದಿಯಲ್ಲಿ ಅನೇಕರು ಮರೆತಿಲ್ಲ. ಅವನು ಮಳೆಕೋಟು ತೊಟ್ಟು, ಮೊಣಕೈವರೆಗೆ ರಬ್ಬರು ಕೈಗವಸು ಏರಿಸಿ, ತಲೆನೋವಿನ ಮುಲಾಮನ್ನು ಮೂಗಿನ ಕೆಳಗೆ ಮೀಸೆಯಂತೆ ಬಳಿದು ಮಹಡಿಯ ಒಗೆಯುವ ಕಲ್ಲಿಗೆ ಹೋದ. ಬಕೆಟ್ಟಿನ ಮುಚ್ಚಳ ತೆಗೆದ. ರಾತ್ರಿಯಿಡೀ ಕೂತ ಉಚ್ಚೆಯ ಘಾಟು ಒಂದೇ ಸಲ ಎದ್ದು ಕಣ್ಣಿಗೆ ಹೊಡೆಯಿತು. ಮೊದಲ ಬಟ್ಟೆಯನ್ನು ಗಡಿಯಾರದ ಚಿಮಟದಲ್ಲೇ ಎತ್ತಿದ. ಚಿಮಟ ಭಾರ ತಾಳಲಿಲ್ಲ. ಬಟ್ಟೆ ಜಾರಿ, ಹಳದಿ ಬದಿ ಕೆಳಗಾಗಿ, ಅವನ ಪಾದದ ಮೇಲೆ ತಣ್ಣಗೆ ಕೂತಿತು. ಆಗ ಹೊರಟ ಓಕರಿಕೆಯ ಸದ್ದಿಗೆ ನನ್ನ ಹೆಂಡತಿ ಅಡುಗೆ ಮನೆಯಿಂದ ಓಡಿ ಬಂದು, "ಯಾರ ಮನೇಲ್ರೀ ಹುಷಾರಿಲ್ಲ?" ಎಂದು ಕೇಳಿದಳು.

ಕೆಳಗಿನಿಂದ ಅತ್ತೆಯ ದನಿ: "ಅಳಿಯಂದಿರೇ, ಮೊದಲು ಗಟ್ಟಿದು ಕೆಡವಿ, ಆಮೇಲೆ ನೀರಿಗೆ ಹಾಕಿ! ಸಾರು ಮಾಡ್ಕೊಂಡು ಕೂತ್ಕೋಬೇಡಿ!"

ಆ ಮಾತಿಗೆ ಎರಡನೆಯ ಓಕರಿಕೆ ಬಂತು.

ಹೇಗೋ ಒಗೆದ. ಆದರೆ ಒಗೆದದ್ದು ಅವನಿಗೆ ಸಾಲಲಿಲ್ಲ. ಅವನ ಮನಸ್ಸಿನಲ್ಲಿ ಕೊಳೆ ಹೋಗುವುದೆಂದರೆ ಅದರ ಜಾಗಕ್ಕೆ ಇನ್ನೊಂದು ವಾಸನೆ ಬಂದು ಕೂರಬೇಕು. ನೆಲ ಒರೆಸುವ ಕ್ರಿಮಿನಾಶಕ ತಂದ. ಬಟ್ಟೆ ಮೆತ್ತಗಾಗಲೆಂದು ಕೊನೆಯ ನೀರಿಗೆ ಹಾಕುವ ನೀಲಿ ಬಣ್ಣದ ಪರಿಮಳದ ದ್ರಾವಣ ತಂದ. ಡಬ್ಬಿಯ ಮೇಲೆ ಒಂದು ಮುಚ್ಚಳ ಸಾಕೆಂದು ಬರೆದಿದ್ದರೆ, ಬರೆದವನಿಗೆ ನಮ್ಮ ಮಗುವಿನ ಪರಿಚಯವಿಲ್ಲ ಎಂದು ಧಾರಾಳವಾಗಿ ಸುರಿದ. ಗಾಳಿ ನಮ್ಮ ಕಡೆ ಬೀಸಿದಾಗ ಆಸ್ಪತ್ರೆಯ ವಾರ್ಡಿನಲ್ಲಿ ಯಾರೋ ಗುಲಾಬಿ ತೋಟ ಮಾಡಿದ ಹಾಗಿತ್ತು. ಲಂಗೋಟಿಗಳು ಬೆಣ್ಣೆಯಂತೆ ಮೆತ್ತಗಾದವು. ಇಶ್ಶಿಯಣ್ಣ ಎದೆಯುಬ್ಬಿಸಿ, "ಈಗ ನೋಡಿ ಸಾರ್, ಇದಕ್ಕೆ ಕ್ಲೀನು ಅಂತಾರೆ," ಎಂದ.

ಆ ಕ್ಲೀನು ಬಟ್ಟೆಗೆ ನೀರು ಹೀರುವ ಗುಣವೇ ಹೋಗಿತ್ತು. ಮಗು ತೊಡೆಯ ಮೇಲೆ ಮಲಗಿ ಉಚ್ಚೆ ಹೊಯ್ದರೆ ಕೊಡೆಯ ಮೇಲಿನ ಮಳೆಯಂತೆ ಅದು ಬಟ್ಟೆಯ ಮೇಲೆ ಉರುಳಿ, ಅಪ್ಪನ ಪ್ಯಾಂಟಿಗೆ ಇಳಿಯುತ್ತಿತ್ತು. ಅದೂ ಇರಲಿ. ಕೆಂಪು ಕಡಿಮೆಯಾಗುವ ಬದಲು ತೊಡೆಯ ಸಂದಿಗೆ ಹರಡಿತು. ಸಣ್ಣ ಸಣ್ಣ ಗುಳ್ಳೆ ಎದ್ದು, ಒಡೆದು, ಅಂಟಂಟಾಗಿ ಬಟ್ಟೆಗೆ ಕಚ್ಚಿಕೊಂಡವು. ಬಿಡಿಸುವಾಗ ಬಟ್ಟೆಯ ಜೊತೆ ಚರ್ಮವೂ ಬಂತು. ಮಗು ಹಾಲು ಬಿಟ್ಟಿತು. ಅಳುವುದಕ್ಕೂ ತ್ರಾಣವಿಲ್ಲದೆ ಕುಂಯ್‌ಗುಡುತ್ತ ಬೋರಲು ಮಲಗಿತು.

ಡಾಕ್ಟರಮ್ಮ ಲಂಗೋಟಿಯನ್ನು ಮೂಗಿಗೆ ಹಿಡಿದು, "ಇದೇನ್ರೀ, ಮಗೂನ ಮದುವೆಗೆ ಹೊರಡಿಸಿದ್ದೀರಾ?" ಎಂದರು. "ಹಸಿ ಗಾಯದ ಮೇಲೆ ಸೆಂಟು, ಫಿನಾಯಿಲು! ಇನ್ನೊಂದು ಸ್ವಲ್ಪ ದಿನ ಹೀಗೇ ಮಾಡಿದ್ರೆ ಕೀವಾಗುತ್ತೆ, ಅಡ್ಮಿಟ್ ಮಾಡಬೇಕಾಗುತ್ತೆ. ಸಾದಾ ಸೋಪು, ಧಾರಾಳ ನೀರು, ಬಿಸಿಲು. ಬೇರೇನೂ ಬೇಡ."

"ಪೂರ್ತಿ ಕ್ಲೀನಾಯ್ತು ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?"

"ನಾನು ಈಗ ಏನು ಮಾಡಿದೆ? ಮೂಸಿ ನೋಡಿ."

ಮನೆಗೆ ಬಂದ ಮೇಲೆ ಅತ್ತೆ ಅದನ್ನೇ ಬಿಡಿಸಿ ಹೇಳಿದರು. ಒಣಗಿದ ಬಟ್ಟೆಯನ್ನು ಮಡಚಿ, ಮೂಗಿಗೆ ಒತ್ತಿ, ಉಸಿರು ಎಳೆಯಬೇಕು. ಉಚ್ಚೆಯ ವಾಸನೆ ಬಂದರೆ ಮತ್ತೆ ನೀರಿಗೆ. ಸೋಪಿನ ವಾಸನೆ ಬಂದರೂ ಮತ್ತೆ ನೀರಿಗೆ. ಏನೂ ಬರಬಾರದು.

ಇಶ್ಶಿಯಣ್ಣ ಹೆಂಡತಿಯ ಕಡೆ ತಿರುಗಿದ. "ಒಗೆಯೋದು ನಾನೇ ಒಗೀತೀನಿ. ಮೂಸೋದೊಂದು ನೀನು ಮಾಡು."

"ನನ್ನ ಮೂಗಿಗೆ ಏನು ಗೊತ್ತಾಗುತ್ತೆ? ಹಾಲು ಒಡೆದಿದ್ರೂ ಕಾಫಿ ಮಾಡಿ ಕೊಡ್ತೀನಿ ನಾನು," ಎಂದಳು ಅವಳು. "ನೀವು ಮೂರು ಅಂಗಡಿ ಆಚೆ ಯಾರೋ ಸೀನಿದ್ದೂ ಕಂಡುಹಿಡೀತೀರಿ. ನಾನು ಯಾವ ಬಸ್ಸಿನವನಿಗೆ ಟಿಕೆಟ್ ಕೊಟ್ಟೆ ಅಂತ ನನ್ನ ಸೆರಗಿನ ವಾಸನೆಯಲ್ಲೇ ಹೇಳ್ತೀರಿ. ಇಷ್ಟು ವರ್ಷ ಆ ಮೂಗಿನ ಕಾಟ ತಡ್ಕೊಂಡಿದ್ದೀನಿ. ಈಗ ಅದು ಸ್ವಲ್ಪ ದುಡೀಲಿ."

ಅವನು ಸುಲಭಕ್ಕೆ ಒಪ್ಪಲಿಲ್ಲ. ಮಾರುದೂರ ಹಿಡಿದು ಗಾಳಿಯಲ್ಲಿ ಬೀಸಿ ನೋಡಿದ, ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಹತ್ತಿರ ತಂದ; ಮೂಗು ತಾನಾಗಿಯೇ ಪಕ್ಕಕ್ಕೆ ಹೊರಳಿತು. ಕೆಳಗೆ ಅತ್ತೆ ಮಗುವನ್ನು ಒರೆಸುತ್ತಿದ್ದರು. ಆ ಕುಂಯ್‌ಗುಡುವ ದನಿ ಮೆಟ್ಟಿಲು ಹತ್ತಿ ಬಂತು. ಇಶ್ಶಿಯಣ್ಣ ಲಂಗೋಟಿಯನ್ನು ಎರಡು ಕೈಯಲ್ಲೂ ಮುಖಕ್ಕೆ ಒತ್ತಿಕೊಂಡು ಉಸಿರು ಎಳೆದ. ಗಂಟಲಿನಿಂದ ಒಂದು ಸದ್ದು ಬಂತು, ಕಣ್ಣಲ್ಲಿ ನೀರು ಬಂತು. "ಇಶ್ಶೀ... ಇದೆ. ಇನ್ನೂ ಇದೆ," ಎಂದು ಬಟ್ಟೆಯನ್ನು ವಾಪಸ್ಸು ಬಕೆಟ್ಟಿಗೆ ಎಸೆದ. ಮುಂದಿನದನ್ನು ಎತ್ತಿಕೊಂಡ.

ಹೀಗೇ ನಡೆಯಿತು. ನಾನು ಬೆಳಗಿನ ಪೇಪರಿನ ಮೇಲಿಂದ ನೋಡುತ್ತಿದ್ದೆ: ಒಗೆಯುವುದು, ಹಿಂಡುವುದು, ಒಣಹಾಕುವುದು, ಮೂಸುವುದು, ಓಕರಿಕೆ, ಮತ್ತೆ ನೀರು. ಮಳೆಕೋಟು ಹೋಯಿತು. ರಬ್ಬರು ಕೈಗವಸಿನಲ್ಲಿ ಅಂಟು ಹೋಯಿತೋ ಇಲ್ಲವೋ ತಿಳಿಯುವುದಿಲ್ಲವೆಂದು ಅದೂ ಹೋಯಿತು. ಅಸಹ್ಯ ಮಾತ್ರ ಹೋಗಲಿಲ್ಲ. ಪ್ರೀತಿಯಿಂದ ಎಲ್ಲವೂ ಸುಗಂಧವಾಗುತ್ತದೆ ಎಂದು ಬರೆಯುವವರು ಇದ್ದಾರೆ. ಅವರು ಆ ಮಹಡಿಗೆ ಬರಬೇಕಿತ್ತು. ಗುಳ್ಳೆಗಳು ಒಣಗಿದವು, ಸಿಪ್ಪೆಯೆದ್ದವು, ಅಡಿಯಲ್ಲಿ ಹೊಸ ಚರ್ಮ ಬಂತು. ಒಂದು ದಿನ ಮಗು ಒರೆಸುವಾಗ ಅಳುವುದನ್ನು ಬಿಟ್ಟು ಅಪ್ಪನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಿತು. ಅವನು ಕನ್ನಡಕ ಕಿತ್ತುಕೊಂಡು ತೊಳೆದ. ಆಮೇಲೆ ಮಗುವಿನ ಬಾಯಿ ತೊಳೆದ.

ವಾಸಿಯಾಯಿತಲ್ಲ, ಇನ್ನು ಡೈಪರಿಗೆ ವಾಪಸ್ಸಾಗಬಹುದು ಎಂದು ಹೆಂಡತಿಯೇ ಹೇಳಿದಳು. ಅವನು ಒಪ್ಪಲಿಲ್ಲ. ಕಾರಣ ನನಗೆ ಅಂಗಡಿಯಲ್ಲಿ ಹೇಳಿದ: "ಆ ಹೊಲಸನ್ನ ಕಟ್ಕೊಂಡು ಬೆಚ್ಚಗೆ ಅದರ ಮೇಲೇ ಕೂತಿರಬೇಕಲ್ಲ ಸಾರ್ ಮಗು? ನೆನೆಸ್ಕೊಂಡ್ರೇ ಮೈ ಜುಂ ಅನ್ನುತ್ತೆ. ತೊಳೆಯೋದು ಇಶ್ಶಿ, ಅದು ಇನ್ನೂ ಇಶ್ಶಿ."

ಸುದ್ದಿ ಅಧ್ಯಕ್ಷರ ಕಿವಿಗೂ ಬಿತ್ತು. ಡೈಪರ್ ಬಿಟ್ಟು ಬಟ್ಟೆಗೆ ಬಂದ ತಂದೆ! ಅದೂ ಅವರದೇ ಬೀದಿಯಲ್ಲಿ, ಅವರದೇ ಅಧ್ಯಕ್ಷಾವಧಿಯಲ್ಲಿ! ಪ್ರಕೃತಿಮಾತೆಗಾಗಿ ಮಾಡಿದ ಈ ತ್ಯಾಗವನ್ನು ಲೋಕಕ್ಕೆ ತೋರಿಸಬೇಕೆಂದು ಅವರು ಸಂಘದ ಕಾರ್ಯದರ್ಶಿಯ ಕೈಗೆ ಮೊಬೈಲ್ ಕೊಟ್ಟು, ನನ್ನನ್ನು ಸಾಕ್ಷಿಗೆಂದು ಎಳೆದುಕೊಂಡು, ಮಹಡಿ ಹತ್ತಿದರು. ಇಶ್ಶಿಯಣ್ಣ ತಂತಿಯಿಂದ ಲಂಗೋಟಿಗಳನ್ನು ತೆಗೆದು ಒಂದೊಂದಾಗಿ ಮೂಸುತ್ತ ಮಡಚಿಡುತ್ತಿದ್ದ. ಒಂದನ್ನು ಮೂಸಿ, ಮುಖ ಕಿವುಚಿ, ಬಕೆಟ್ಟಿಗೆ ಎಸೆದ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಮೊಬೈಲಿನ ಕಡೆಗೆ ಅರ್ಧ ತಿರುಗಿ ನಿಂತರು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆದ್ರೆ ನಿಮ್ಮದು ಅದಕ್ಕಿಂತ ದೊಡ್ಡ ಮನಸ್ಸು. ಹೇಳಿ, ದಿನಾ ಬೆಳಿಗ್ಗೆ ಈ ಪುಟ್ಟ ಪುಟ್ಟ ಬಟ್ಟೆಗಳನ್ನ ಹೀಗೆ ಮುಖಕ್ಕೆ ಒತ್ತಿಕೊಂಡಾಗ, ಒಬ್ಬ ತಂದೆಯಾಗಿ, ನಿಮ್ಮೊಳಗಿಂದ ಏನು ಉಕ್ಕಿ ಬರುತ್ತೆ?"

ಇಶ್ಶಿಯಣ್ಣ ಮುಂದಿನ ಲಂಗೋಟಿಯನ್ನು ಮೂಗಿಗೆ ಒತ್ತಿ, ಉಸಿರು ಎಳೆದು, ಸ್ವಲ್ಪ ತಡೆದು, ಕೆಳಗಿಳಿಸಿದ.

"ವಾಂತಿ," ಎಂದ.