ಮಣ್ಣಿನ ಗೋಡೆಗೆ ಮುನಿಯಪ್ಪನವರ ಕ್ಯೂರಿಂಗ್

ಸ್ನೇಹಿತರೇ, ರಾಜಾನುಕುಂಟೆಯಲ್ಲಿ ನಾನು ಕಟ್ಟಿಸುತ್ತಿರುವ ಪುಟ್ಟ ಮಣ್ಣಿನ ಮನೆಯ ತಪಾಸಣೆ ಇವತ್ತಿತ್ತು. ಗೋಡೆ ಬಿಸಿಲು ತಡೆಯುತ್ತದೆಂದು ಪಂಚಾಯಿತಿ ಎಂಜಿನಿಯರ್ ಮೊದಲೇ ಒಪ್ಪಿದ್ದರು. ಮಳೆಯ ವಿಷಯದಲ್ಲಿ ಮಾತ್ರ, "ನೆನೆದು ಕುಸಿಯೋ ಹಾಗಿದ್ರೆ ಅನುಮತಿ ಇಲ್ಲ ಮೇಡಂ" ಎಂದಿದ್ದರು.

ಅವರ ಜೊತೆ ಗೇಟು ದಾಟಿ ನೋಡುತ್ತೇನೆ, ಪಕ್ಕದ ಮನೆಯ ಮುನಿಯಪ್ಪನವರು ನಮ್ಮ ನಲ್ಲಿಗೇ ಪೈಪು ಹಾಕಿ ಗೋಡೆಗೆ ನೀರು ಹೊಡೆಯುತ್ತಿದ್ದಾರೆ! ಮಣ್ಣಿನ ಗಿಲಾವು ಸಾರಿನಂತೆ ಇಳಿಯುತ್ತಿದೆ.

"ಅಯ್ಯೋ, ನಿಲ್ಸಿ!" ಎಂದು ಕಿರುಚಿದೆ.

"ವಸ ಗ್ವಾಡೆ ಅಲ್ವೇನಮ್ಮಾ? ಸಿಮೆಂಟೋ ಮಣ್ಣೋ, ನೀರ್ ಕುಡಿಸ್ದೆ ಗಟ್ಟಿ ಆಯ್ತದಾ? ನೀವ್ ಮರ್ತಿದ್ರಿ, ಬೆಳಿಗ್ಗೆಯಿಂದ ನಾನೇ ಕ್ಯೂರಿಂಗು ಅಂತ ನೀರ್ ಒಡೀತಾ ಇವ್ನಿ."

ಎಂಜಿನಿಯರ್ ಒದ್ದೆ ಗೋಡೆಗೆ ಭುಜ ಕೊಟ್ಟು ನೂಕಿದರು. ನಾನು ಕಣ್ಣು ಮುಚ್ಚಿಕೊಂಡೆ. ಗಿಲಾವು ಅವರ ಬಿಳಿ ಅಂಗಿಗೆ ಮೆತ್ತಿಕೊಂಡಿತು. ಒಳಗೆ ಸುಣ್ಣ ಬೆರೆಸಿ ಕುಟ್ಟಿದ ಗೋಡೆ ಅಲುಗಲಿಲ್ಲ.

"ಇವರನ್ನೇ ತಡ್ಕೊಂಡಿದೆ ಅಂದ್ಮೇಲೆ ಮಳೆ ಏನ್ ಮಾಡುತ್ತೆ? ಪಾಸ್ ಬಿಡಿ" ಎಂದು ಎಂಜಿನಿಯರ್ ಮುನಿಯಪ್ಪನವರತ್ತ ಕೈ ತೋರಿದರು.

ಬೈಯಬೇಕೋ ಕೈಮುಗಿಯಬೇಕೋ ತಿಳಿಯದೆ ನಿಂತಿದ್ದೆ. ಮುನಿಯಪ್ಪನವರು ಪೈಪು ಸುತ್ತುತ್ತಾ ಕೇಳಿದರು: "ಸಾಯಂಕಾಲ ಇನ್ನೊಂದ್ ಕಿತ ನೀರ್ ಒಡೀಲೇನಮ್ಮಾ?"

ನಲ್ಲಿಯಿಂದ ಬಿಚ್ಚಿದ ಹಿಡಿ ಈಗ ನನ್ನ ವ್ಯಾನಿಟಿ ಬ್ಯಾಗಿನಲ್ಲಿದೆ.