ಕಣ್ಣಿಗೆ ಲೆನ್ಸು, ಹಲಗಿಗೆ ಬೆಂಕಿ

ಆಪಾನ ಕೈತುಂಬ ಸದಾ ಮೆಹಂದಿ, ಬೆರಳಿಗೆಲ್ಲ ಉದ್ದುದ್ದ ಉಗುರು. ಬಲಗೈಯ ತೋರುಬೆರಳು, ಹೆಬ್ಬೆರಳು ಮಾತ್ರ ಬೋಳು. ಆ ಎರಡರ ಉಗುರನ್ನು ಬುಡಕ್ಕೆ ಕತ್ತರಿಸಿ, ತಿಕ್ಕಿ, ಹಸುಗೂಸಿನ ಬೆರಳಿನ ಹಾಗೆ ಮೆತ್ತಗೆ ಇಟ್ಟುಕೊಂಡಿದ್ದಳು. ಯಾಕೆ ಎಂದು ಕೇಳಿದವರ ಮೂಗಿನ ಮುಂದೆ ಆ ಎರಡು ಬೆರಳು ಆಡಿಸಿ, “ಇವೆರಡು ನನ್ನವಲ್ಲ, ಗಿರಾಕಿಗಳವು” ಎನ್ನುತ್ತಿದ್ದಳು. ಅವರ ಕಣ್ಣೊಳಗೆ ಲೆನ್ಸ್ ಇಡುವ ಬೆರಳು ತಾನೇ!

ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ಅವಳ ಕನ್ನಡಕದ ಅಂಗಡಿ. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಊರು ಅದು. ಧೂಳಿಗೆ ಬರವಿಲ್ಲ, ಕಣ್ಣುಜ್ಜಿಕೊಂಡು ಬರುವ ಜನರಿಗೂ ಬರವಿಲ್ಲ. ಆಪಾ ಹೈದರಾಬಾದಿನಲ್ಲಿ ಕಣ್ಣು ಪರೀಕ್ಷೆಯ ಡಿಪ್ಲೊಮಾ ಮಾಡಿ ಬಂದವಳು. ಆ ಸರ್ಟಿಫಿಕೇಟನ್ನು, ಕುರ್ಚಿಯಲ್ಲಿ ಕೂತವರು ಬೇಡವೆಂದರೂ ನೋಡಲೇಬೇಕಾದ ಜಾಗದಲ್ಲಿ ನೇತುಹಾಕಿದ್ದಳು. “ಈ ಊರಾಗ ನನ್ನಂಥಾಕಿ ಇನ್ನೊಬ್ಬಾಕಿ ಇದ್ರ ಕರಕೊಂಡು ಬಾ, ಆಕಿಗೂ ಚಾ ಕುಡಿಸ್ತೀನಿ, ನಿನಗೂ ಕುಡಿಸ್ತೀನಿ” ಎಂದು ಗಂಟಲು ಬಿಟ್ಟು ಹೇಳುತ್ತಿದ್ದಳು. ವಿನಯ ಗಿನಯ ಆಕೆಯ ಹತ್ತಿರ ಸುಳಿಯುತ್ತಿರಲಿಲ್ಲ. ಮೊದಮೊದಲು ನಾನು ರೀ ಹಚ್ಚಿ ಮಾತಾಡುತ್ತಿದ್ದೆ. “ಆಪಾ ಅಂದ ಮ್ಯಾಲ ರೀ ಯಾಕ? ಅಕ್ಕಗ ಯಾರರ ರೀ ಅಂತಾರ?” ಎಂದು ಬೈಸಿಕೊಂಡ ಮೇಲೆ ರೀ ಬಿಟ್ಟೆ.

ನಾನು ಪೆದ್ದೆಮುಲ್ ಕಡೆಯ ಹಳ್ಳಿಯವಳು, ತಾಂಡೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಕಣ್ಣಿಗೆ ಮೈನಸ್ ಒಂಬತ್ತು. ಕನ್ನಡಕ ತೆಗೆದರೆ ಎದುರಿಗೆ ನಿಂತಿರುವುದು ಎಮ್ಮೆಯೋ ಹೆಡ್‌ಮಾಸ್ತರೋ ತಿಳಿಯುತ್ತಿರಲಿಲ್ಲ. ಸೋಡಾ ಬಾಟ್ಲಿ ಎಂದೇ ನನ್ನ ಹೆಸರು. ಆದರೆ ಕೈಗೆ ಹಲಗಿ ಬಂತೆಂದರೆ ನನ್ನನ್ನು ಹಿಡಿಯುವವರಿರಲಿಲ್ಲ! ಅಪ್ಪ ಬಾರಿಸುತ್ತಿದ್ದ ಚರ್ಮದ ಹಲಗಿ, ತೆಲುಗಿನವರು ಡಪ್ಪು ಅನ್ನುವುದು. ಅಪ್ಪನ ಪೆಟ್ಟು ಕೇಳುತ್ತಲೇ ನಡೆಯಲು ಕಲಿತವಳು ನಾನು.

ಪ್ರತ್ಯೇಕ ರಾಜ್ಯ ಬೇಕೆಂದು ತೆಲಂಗಾಣಕ್ಕೆ ತೆಲಂಗಾಣವೇ ಬೀದಿಗೆ ಇಳಿದಿದ್ದ ಕಾಲ ಅದು. ಇವತ್ತು ಬಂದ್, ನಾಳೆ ರಾಸ್ತಾ ರೋಕೋ, ನಾಡಿದ್ದು ನಡುರಸ್ತೆಯಲ್ಲೇ ಒಲೆ ಹೂಡಿ ಅಡುಗೆ. ಸಂಜೆಯಾದರೆ ಧೂಮ್‌ಧಾಮ್, ಹಾಡು, ಕುಣಿತ, ಭಾಷಣ ಎಲ್ಲ ಒಂದೇ ಸ್ಟೇಜಿನ ಮೇಲೆ. ಮನೆಯಲ್ಲಿ ಕನ್ನಡ, ಸ್ಟೇಜಿನಲ್ಲಿ ತೆಲುಗು, ಘೋಷಣೆಗೆ ಯಾವ ಭಾಷೆಯಾದರೇನು! ಕಾಲೇಜಿನ ತಂಡಕ್ಕೆ ನಾನೂ ಸೇರಿದೆ. ಮೊದಲನೇ ತಾಲೀಮಿನಲ್ಲೇ ಹಾರಿ ಕುಣಿಯುವಾಗ ಕನ್ನಡಕ ಮೂಗು ಬಿಟ್ಟು ಹಾರಿ, ಪಕ್ಕದವಳ ಕಾಲಿಗೆ ಸಿಕ್ಕು ಪುಡಿಪುಡಿಯಾಯಿತು.

ತಂಡ ನಡೆಸುತ್ತಿದ್ದ ಅಣ್ಣ ಒಳ್ಳೆಯವನೇ. ಆದರೂ ಹೇಳಿಬಿಟ್ಟ: “ನಾರಾಯಣಖೇಡದಾಗ ದೊಡ್ಡ ಸಭಾ ಅದ. ಅಷ್ಟರಾಗ ಕಣ್ಣಿಂದು ಬಂದೋಬಸ್ತ್ ಮಾಡ್ಕೊಂಡ್ರ ಮುಂದಿನ ಸಾಲು. ಇಲ್ಲಂದ್ರ ಹಲಗಿ ಕೆಳಗ ಇಟ್ಟು, ಹಿಂದ ನಿಂತು ಕೋರಸ್ ಹೇಳು.”

ಹಲಗಿ ಕೆಳಗಿಡುವುದಾ? ನಾನಾ? ಸಿಟ್ಟಿಗೆ ಅಳುವೇ ಬಂತು.

ಮರುದಿನ ಬಂದ್. ಹಳೆಯ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಸ್ಟೇಷನ್ ರಸ್ತೆಗೆ ಹೋದೆ. ಆಪಾನ ಅಂಗಡಿಯ ಶೆಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ತೂರಿ ವಿಷಯ ಹೇಳಿದೆ. ಆಕೆ ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಎದ್ದಳು.

“ಯಾ ಅಲ್ಲಾ! ಹುಡುಗಿ ಹಲಗಿ ಬಾರಿಸ್ತಾಳ? ಅದೂ ಮುಂದಿನ ಸಾಲಿನಾಗ? ಕುಂದ್ರು ಬೇಟಿ, ಕುಂದ್ರು. ಇದು ನನ್ನ ಕೆಲಸ!”

ಕಣ್ಣು ಅಳೆದು, ಗುಡ್ಡೆಯ ಉಬ್ಬು ಅಳೆದು, ಚೀಟಿಯಲ್ಲಿ ಮೈನಸ್ ಎಂಟು ಎಂದು ಬರೆದಳು. ನನಗೆ ಗಾಬರಿ. “ಆಪಾ, ನಂದು ಒಂಬತ್ತು ಅದ. ಒಂದು ನಂಬರ್ ಎಲ್ಲಿ ಹೋತು?”

“ಎಲ್ಲೂ ಹೋಗಿಲ್ಲ. ಚಶ್ಮಾ ಮೂಗಿನ ತುದಿಗಿ ಇಳಿಸಿ ಆ ಬೋರ್ಡ್ ಓದು.”

ಇಳಿಸಿದೆ. ಅಕ್ಷರ ಮಸುಕಾಯಿತು.

“ಗಾಜು ಕಣ್ಣಿಂದ ದೂರ ಹೋದಂಗ ಅದರ ಜೋರು ಕಮ್ಮಿ ಆಗ್ತದ. ಲೆನ್ಸ್ ಕಣ್ಣಿಗೇ ಅಂಟ್ಕೊಂಡು ಕುಂತಿರ್ತದ, ಅದಕ್ಕ ಅಷ್ಟು ನಂಬರ್ ಬ್ಯಾಡ. ಚಶ್ಮಾದ ಚೀಟಿ ನೋಡಿ ಲೆನ್ಸ್ ಕೊಟ್ರ ತಲಿ ಸಿಡೀತದ. ತಿಳೀತಾ?”

ತಿಳಿಯಿತು. ಆಮೇಲೆ ಲೆನ್ಸ್ ಹಾಕುವ, ತೆಗೆಯುವ ಪಾಠ. ಕೈ ತೊಳಿ, ಒರೆಸು, ಯಾವಾಗಲೂ ಬಲಗಣ್ಣಿನಿಂದಲೇ ಶುರು ಮಾಡು, ಎರಡೂ ಅದಲುಬದಲಾಗಬಾರದು. “ಮಲಗಬೇಕಾದ್ರ ತಗಿ, ಜಳಕ ಮಾಡಬೇಕಾದ್ರ ತಗಿ. ಅಳಬೇಕಾದ್ರೂ ಮೊದ್ಲು ತಗಿ, ಆಮ್ಯಾಲ ಕುಂತು ಆರಾಮಾಗಿ ಅಳು.” ಹೇಳಿ ಹೇಳಿ, ನನ್ನ ಬಾಯಿಂದ ಒಪ್ಪಿಸಿಕೊಂಡು ಬಿಟ್ಟಳು.

ಆ ಬೋಳು ಬೆರಳು ಹತ್ತಿರ ಬಂತು, ತಣ್ಣಗೆ ಏನೋ ತಾಕಿತು, ಕಣ್ಣು ಮಿಟುಕಿಸಿದೆ. ಅಯ್ಯೋ, ಏನು ಹೇಳಲಿ! ಆಪಾನ ಓಢಣಿಯ ಒಂದೊಂದು ಹೊಲಿಗೆ ಕಂಡಿತು. ಅದಕ್ಕಿಂತ ಹೆಚ್ಚಾಗಿ, ಪಕ್ಕಗಳು ಕಂಡವು! ಚಿಕ್ಕಂದಿನಿಂದ ಚೌಕಟ್ಟಿನೊಳಗಷ್ಟೇ ಲೋಕ ನೋಡಿದವಳು, ಕತ್ತು ತಿರುಗಿಸದೆಯೇ ಎಡಕ್ಕೆ ಗೋಡೆಗಡಿಯಾರ, ಬಲಕ್ಕೆ ಬಾಗಿಲು ನೋಡಿದೆ. ಕಿಟಾರನೆ ಕಿರುಚಿ ಆಪಾನ ಕೊರಳಿಗೆ ಬಿದ್ದೆ.

“ಸಾಕು ಬಿಡು, ಈಗ ಹೊರಗ ನಡಿ” ಎಂದು ತಳ್ಳಿದಳು. ಅವಳ ಪದ್ಧತಿಯೇ ಹಾಗೆ. “ಕುರ್ಚಿಯಾಗ ಕುಂತ್ರ ಎಲ್ಲಾ ಕಂಪನಿ ಲೆನ್ಸೂ ಆರಾಮೇ ಇರ್ತಾವ. ಸ್ಟೇಷನ್ ಬ್ರಿಜ್ ಹತ್ತಿ ಇಳಿ, ಗಂಜ್ ಬಜಾರಿನ ತನಕ ಹೋಗಿ ಬಾ. ಧೂಳು ತಿನ್ನಲಿ, ಬಿಸಲು ತಿನ್ನಲಿ. ಆಮ್ಯಾಲ ಹೇಳು.” ಬಂದ್ ಆಗಿದ್ದ ಊರಲ್ಲಿ ಬೀದಿಯ ಬೋರ್ಡುಗಳನ್ನೆಲ್ಲ ಹುಚ್ಚಿಯ ಹಾಗೆ ಜೋರಾಗಿ ಓದುತ್ತ ತಿರುಗಿದೆ.

ಮೊದಲ ಕಂಪನಿಯ ಲೆನ್ಸ್ ಸಂಜೆಯ ಹೊತ್ತಿಗೆ ರೆಪ್ಪೆಗೆ ಕೊರೆಯತೊಡಗಿತು. ಅದನ್ನು ಆಪಾ ಆಗಲೇ ತಿರಸ್ಕರಿಸಿದಳು. ಎರಡನೆಯದು ಊರೆಲ್ಲ ಸುತ್ತಿದರೂ ಹಾಕಿದ್ದೇ ಮರೆಯುವಷ್ಟು ಮೆತ್ತಗೆ. ಆದರೆ ತಾಲೀಮಿಗೆ ಹೋದದ್ದೇ ತಡ, ಕಣ್ಣೊಳಗೆ ಖಾರ ಹಾಕಿದ ಹಾಗೆ ಉರಿ, ಲೆನ್ಸ್ ಒಣಗಿ ಗುಡ್ಡೆಗೆ ಅಂಟಿಕೊಂಡಿತು. ಮೂರನೆಯದೂ ಹಾಗೇ. ನಾಲ್ಕನೆಯದನ್ನು ಹೈದರಾಬಾದಿನಿಂದ ತರಿಸಿದಳು. ಬಸ್ಸು ನಿಂತು, ಪಾರ್ಸಲ್ ಎಲ್ಲೋ ಸಿಕ್ಕಿಬಿದ್ದು, ಕೊನೆಗೆ ಬಂತು. ಅದೂ ತಾಲೀಮಿನಲ್ಲಿ ಉರಿ!

ಆಪಾಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. “ಊರು ತಿರುಗಿದ್ರ ಆರಾಮ, ಕುಣಿದ್ರ ಉರಿ? ನೀ ಕುಣಿಯೋದು ಕಾಲಿಂದಲೋ ಕಣ್ಣಿಂದಲೋ? ನಡಿ, ನಾನೇ ಬಂದು ನೋಡ್ತೀನಿ.” ಅಂಗಡಿಗೆ ಬೀಗ ಹಾಕಿ, ಸ್ಕೂಟಿಯ ಹಿಂದೆ ನನ್ನನ್ನು ಕೂರಿಸಿಕೊಂಡು ಕಾಲೇಜು ಮೈದಾನಕ್ಕೆ ಬಂದೇ ಬಿಟ್ಟಳು.

ಹಲಗಿ ಬಾರಿಸುವ ಮುಂಚೆ ಅದನ್ನು ಕಾಸಬೇಕು. ಹುಲ್ಲು ಉರಿಸಿ, ಜ್ವಾಲೆಯ ಮೇಲೆ ಚರ್ಮ ತಿರುಗಿಸುತ್ತ, ಬೆರಳಲ್ಲಿ ತಟ್ಟಿ ತಟ್ಟಿ ನಾದ ಕೇಳಬೇಕು. ಕಡಿಮೆ ಕಾಸಿದರೆ ಸೊರಗಿದ ದನಿ, ಹೆಚ್ಚಾದರೆ ಚರ್ಮ ಬಿರಿಯುತ್ತದೆ. ತನ್ನ ಹಲಗಿ ತಾನೇ ಕಾಸಬೇಕು, ಇನ್ನೊಬ್ಬರ ಕೈಗೆ ಕೊಡಬಾರದು ಎಂಬುದು ಅಪ್ಪನ ಕಟ್ಟುನಿಟ್ಟು. ನಾನು ದಿನದ ಹಾಗೆ ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊಗೆಯೊಳಗೆ ಮುಖವಿಟ್ಟು, ರೆಪ್ಪೆ ಮಿಟುಕಿಸದೆ ಚರ್ಮವನ್ನೇ ದಿಟ್ಟಿಸುತ್ತಿದ್ದೆ. ಹಿಂದಿನಿಂದ ಒಂದು ಚೀರಾಟ.

“ಅರೇ ಪಾಗಲ್! ನಾ ಇಲ್ಲಿ ಕಂಪನಿ ಮ್ಯಾಲ ಕಂಪನಿ ಬದಲಿ ಮಾಡ್ಲತ್ತೀನಿ, ನೀ ನನ್ನ ಲೆನ್ಸ್ ಒಲಿ ಮ್ಯಾಲ ರೊಟ್ಟಿ ಸುಟ್ಟಂಗ ಸುಡ್ಲತ್ತೀ!”

ಇಡೀ ತಂಡ ನಕ್ಕಿತು. ನನಗೆ ಹೊಳೆದಿರಲೇ ಇಲ್ಲ. ಹಲಗಿ ಕಾಸುವುದು ನಮಗೆ ಉಸಿರಾಡಿದ ಹಾಗೆ, ಅದನ್ನು ಡಾಕ್ಟರಿಗೆ ಹೇಳಬೇಕಾದ ಸಂಗತಿ ಎಂದು ಯಾರಿಗೆ ಅನ್ನಿಸೀತು? ಆಪಾ ಅಲ್ಲೇ ತೀರ್ಪು ಕೊಟ್ಟಳು: ಮೊದಲು ಹಳೆಯ ಕನ್ನಡಕ ಹಾಕಿಕೊಂಡು ಕಾಸು, ಆಮೇಲೆ ಸೋಪಿನಿಂದ ಕೈ ತೊಳಿ, ಆಮೇಲೆ ಲೆನ್ಸ್. ಕಂಪನಿ ಎರಡನೆಯದೇ. “ಪಾಪ, ಸುಮ್‌ಸುಮ್ನೇ ಅದಕ್ಕ ಬೈದ್ವಿ” ಎಂದು ಲೆನ್ಸಿನ ಡಬ್ಬಿಯನ್ನು ಸವರಿದಳು.

ಜಹೀರಾಬಾದಿನ ಒಂದು ಬೀದಿ ಸಭೆಯಲ್ಲಿ ಪರೀಕ್ಷೆಯಾಯಿತು. ಕುಣಿದು ಕುಣಿದು ಬೆವರು ಇಳಿದರೂ ಕಣ್ಣು ತಣ್ಣಗೆ. ಮುಂದಿನ ಸಾಲು ನನ್ನದಾಯಿತು!

ನಾರಾಯಣಖೇಡಕ್ಕೆ ಆಪಾ ನಮ್ಮ ಜೀಪಿನಲ್ಲೇ ಹತ್ತಿ ಕೂತಳು. “ನನ್ನ ಲೆನ್ಸ್ ಸ್ಟೇಜಿನ ಮ್ಯಾಲ ಹೆಂಗ ಕುಣೀತಾವ, ನಾ ನೋಡಬ್ಯಾಡ?” ದಾರಿಯುದ್ದಕ್ಕೂ ನಮಗಿಂತ ಜೋರಾಗಿ ಜೈ ತೆಲಂಗಾಣ ಕೂಗಿದಳು. ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಹಲಗಿ ಕಾಸಿ, ಕೈ ತೊಳೆದು, ಲೆನ್ಸ್ ಹಾಕಿಕೊಂಡು ತಯಾರಾಗಿ ನಿಂತೆ. ಅಷ್ಟರಲ್ಲಿ ಜಿಟಿಜಿಟಿ ಹನಿ ಶುರುವಾಯಿತು. ಮುಂದಿನ ಭಾಷಣ ಮುಗಿದರೆ ನಮ್ಮ ಸರದಿ. ಹಲಗಿ ತಟ್ಟಿ ನೋಡಿದೆ: ಥಪ್. ತೇವಕ್ಕೆ ಚರ್ಮ ಸಡಿಲಾಗಿತ್ತು. ಜೀವವೇ ಇಲ್ಲ!

ಉಳಿದವರೆಲ್ಲ ಸ್ಟೇಜಿನ ಹಿಂದಿನ ಬೆಂಕಿಗೆ ಓಡಿದರು. ನಾನು ಓಡಿದರೆ ಲೆನ್ಸ್ ಒಣಗುತ್ತದೆ. ತೆಗೆದು ಮತ್ತೆ ಹಾಕಲು ಹೊತ್ತಿಲ್ಲ, ನೆಲದಿಂದ ಹಲಗಿ ಎತ್ತಿ ಕೈಯೆಲ್ಲ ಕೆಸರು. ಸತ್ತ ಹಲಗಿ ಹಿಡಿದು ಮುಂದಿನ ಸಾಲಿಗೆ ಹೋಗುವುದು ಹೇಗೆ?

“ತಾ ಇಲ್ಲಿ” ಎಂದಳು ಆಪಾ, ಎರಡೂ ಕೈ ಚಾಚಿ.

“ಬ್ಯಾಡ ಆಪಾ, ಇದು ಬ್ಯಾರೆಯವರ ಕೈಗಿ ಕೊಡಂಗಿಲ್ಲ. ಬಿರೀತಂದ್ರ...”

“ನಿನ್ನ ಕಣ್ಣು ನನ್ನ ಕೈಯಾಗ ಕೊಟ್ಟೀದಿ. ಹಲಗಿ ಕೊಡಾಕ ಏನ್ ಧಾಡಿ?”

ಕೊಟ್ಟುಬಿಟ್ಟೆ. ಆಪಾ ಬುರ್ಖಾದ ತೋಳು ಮೇಲೆಳೆದು ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಜ್ವಾಲೆಯ ಮೇಲೆ ಹಲಗಿ ತಿರುಗಿಸುತ್ತ, ಆ ಬೋಳು ತೋರುಬೆರಳಿನಿಂದ ಚರ್ಮ ತಟ್ಟುತ್ತ, ಕೆಮ್ಮುತ್ತ ಕೂಗಿದಳು: “ಆತಾ?”

ಹೊಗೆಯಿಂದ ದೂರ ನಿಂತು ಕಿವಿಗೊಟ್ಟೆ. “ಇಲ್ಲ ಆಪಾ, ಇನ್ನಾ!”

“ಈಗ?”

“ಅಂಚಿಗಿ ಸ್ವಲ್ಪ! ಸಾವಕಾಶ!”

ಟಣ್ ಎಂದಿತು. ಅಪ್ಪನ ಕೈಯಲ್ಲಿ ಅಂದ ಹಾಗೆಯೇ! “ಆತು ಆಪಾ, ಆತು!” ಎಂದು ಕಿರುಚಿ, ಕಿತ್ತುಕೊಂಡು ಸ್ಟೇಜಿಗೆ ಹಾರಿದೆ.

ಹೇಗೆ ಬಾರಿಸಿದೆನೋ ತಿಳಿಯದು. ಕಂಡದ್ದು ಮಾತ್ರ ನೆನಪಿದೆ. ಹನಿಯಲ್ಲಿ ನಿಂತ ಜನ ಕೊನೆಯ ಸಾಲಿನ ತನಕ, ಯಾರದೋ ಭುಜದ ಮೇಲೆ ಕೂತ ಕೂಸಿನ ಬಾಯಿಯ ಬೆಲ್ಲದ ಚೂರಿನ ತನಕ, ಎಲ್ಲ ಕಂಡಿತು. ಸ್ಟೇಜಿನ ಕೆಳಗೆ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಆಪಾ ಕಂಡಳು. ಎಲ್ಲರೂ ಜೈ ಎಂದು ಕೂಗುತ್ತಿದ್ದರೆ ಆಕೆಯೊಬ್ಬಳು, “ಕಣ್ಣು ಮಿಟಕಸು! ಬೇಟಿ, ಕಣ್ಣು ಮಿಟಕಸು!” ಎಂದು ಕೂಗುತ್ತಿದ್ದಳು.

ರಾಜ್ಯ ಬಂತು. ನನಗೆ ಶಾಲೆಯಲ್ಲಿ ನೌಕರಿ ಬಂತು, ಈಗ ಪಾಠದ ಜೊತೆ ಮಕ್ಕಳಿಗೆ ಹಲಗಿಯನ್ನೂ ಕಲಿಸುತ್ತೇನೆ. ಅದೇ ಕಂಪನಿಯ ಲೆನ್ಸನ್ನು ಆಪಾನ ಅಂಗಡಿಯಿಂದಲೇ ತರುತ್ತಿದ್ದೆ, ಆಪಾ ಇರುವ ತನಕ.

ಸುದ್ದಿ ಬಂದ ಬೆಳಿಗ್ಗೆ ಲೆನ್ಸ್ ಹಾಕಿಕೊಂಡೇ ತಾಂಡೂರಿಗೆ ಓಡಿದೆ. ಆಕೆಯ ಮುಖ ನನಗೆ ಸ್ಪಷ್ಟವಾಗಿ ಕಾಣಬೇಕಿತ್ತು. ಹೆಂಗಸರು ದಾರಿ ಬಿಟ್ಟರು. ಹತ್ತಿರ ಕೂತು, ಹುಬ್ಬಿನ ಒಂದೊಂದು ಕೂದಲೂ ನೋಡಿದೆ. ಕೈಗಳು ಬಿಳಿ ಬಟ್ಟೆಯೊಳಗಿದ್ದವು, ಆ ಬೆರಳು ಮಾತ್ರ ಕಾಣಲಿಲ್ಲ. ಸುತ್ತ ಎಲ್ಲರೂ ಅಳುತ್ತಿದ್ದರು. ನಾನು ಕಣ್ಣು ಮಿಟುಕಿಸುತ್ತ ಹಲ್ಲು ಕಚ್ಚಿ ಕೂತಿದ್ದೆ. ಆಕೆಯ ಹತ್ತಿರದ ನೆಂಟರೊಬ್ಬರು ನನ್ನನ್ನು ವಿಚಿತ್ರವಾಗಿ ನೋಡಿದರು.

ಮನೆಗೆ ಬಂದೆ. ಸೋಪಿನಿಂದ ಕೈ ತೊಳೆದೆ, ಒರೆಸಿಕೊಂಡೆ. ಬಲಗಣ್ಣಿನದು ಮೊದಲು, ಆಮೇಲೆ ಎಡಗಣ್ಣಿನದು ತೆಗೆದು, ಡಬ್ಬಿಯಲ್ಲಿಟ್ಟು, ಮುಚ್ಚಳ ತಿರುವಿದೆ. ಆಮೇಲೆ ಕೂತು ಅತ್ತೆ.